ಸಹಾಯ ಬೇಕು: ಪತ್ರೊಡೆ ತಿಂದು ಗಂಟಲು ತುರಿಸ್ತಿದೆ ಮಾರಾಯ್ರೆ

ನಿನ್ನೆ ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಬೈಕಲ್ಲಿ ಹೋಗ್ತಿದ್ದೆ, ಮಂಡಗದ್ದೆ ದಾಟೋ ಅಷ್ಟರಲ್ಲಿ ಮಳೆ ಜೋರಾಯ್ತು, ಹಸಿವು ಬೇರೆ, ಬೋರ್ಡೂ ಇಲ್ಲದ ಒಂದು ಶೀಟಿನ ಹೋಟ್ಲು ಕಾಣ್ತು ನುಗ್ಗಿಬಿಟ್ಟೆ. ಒಳಗೆ ಗಿರಾಕಿ ಅಂತ ಇದ್ದಿದ್ದು ಒಂದು ಬೆಕ್ಕು, ಅದೂ ಗಲ್ಲಾಪೆಟ್ಟಿಗೆ ಮೇಲೆ ಮಲ್ಗಿತ್ತು. ಏನಿದೆ ಅಂದ್ರೆ ಅಜ್ಜ "ಇಡ್ಲಿ ಖಾಲಿ, ದೋಸೆ ಖಾಲಿ, ಪತ್ರೊಡೆ ಮಾತ್ರ ಇದೆ ಮಾರಾಯ" ಅಂದ್ರು. ಒಂದು ನರಪಿಳ್ಳೆ ಬಂದಂಗಿಲ್ಲ, ಅದೆಲ್ಲ ಹೆಂಗೆ ಖಾಲಿ ಆಯ್ತೋ! ಎರಡು ಪ್ಲೇಟ್ ತಿಂದೆ, ರುಚಿ ಚೆನ್ನಾಗೇ ಇತ್ತು, ಸುಳ್ಳು ಹೇಳಬಾರ್ದು. ಐದು ನಿಮಿಷಕ್ಕೆ ಗಂಟಲೊಳಗೆ ಕೆಂಜಿಗ ಬಿಟ್ಟಂಗಾಯ್ತು. ಕೆಮ್ತಾ ಕೇಳಿದ್ರೆ "ಹುಳಿ ಹಾಕೋದು ಮರ್ತೋಯ್ತೇನೋ" ಅಂತ ಬೆಕ್ಕಿನ ಮುಖ ನೋಡಿದ್ರು, ಅದೇ ಅಡುಗೆ ಭಟ್ಟ ಅನ್ನೋ ಥರ. ಪತ್ರೊಡೆ ಮಾಡೋ ಕೆಸುವಿನೆಲೇಲಿ ಸೂಜಿ ಥರದ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಇರತ್ತಂತೆ, ಹುಣಸೆಹುಳಿನೋ ವಾಟೆಹುಳಿನೋ ಸರಿಯಾಗಿ ಬೀಳ್ದೇ ಇದ್ರೆ ಹಿಂಗೇ ಅಂತ ಅಮ್ಮ ಫೋನಲ್ಲಿ ಬೈದ್ರು.

ಊತ, ಉಸಿರಾಟದ ತೊಂದ್ರೆ ಏನೂ ಇಲ್ಲ, ಬರೀ ಕೆರೆತ. ಮಜ್ಜಿಗೆ ಕುಡ್ದೆ, ಸ್ವಲ್ಪ ಕಮ್ಮಿ ಆಗಿದೆ. ನಿಮ್ಮನೇಲಿ ಇದಕ್ಕೆ ಏನು ಮಾಡ್ತೀರಾ? ಮತ್ತೆ ನಾಳೆ ಇದೇ ದಾರೀಲಿ ವಾಪಸ್ ಬರ್ಬೇಕು, ಊಟಕ್ಕೆ ಒಳ್ಳೆ ಜಾಗ ಇದ್ರೆ ಹೇಳಿ, ಬೆಕ್ಕು ಇದ್ರೂ ಅಡ್ಡಿಲ್ಲ.