‘ಖುಲಾ’ ಪದಕ್ಕೆ ಕನ್ನಡವೇನು?

ಮಾನ್ಯರೇ,
ಮುಸ್ಲಿಂ ವೈಯಕ್ತಿಕ ಕಾನೂನನ್ನು ಹೆಣ್ಣುಮಕ್ಕಳಿಗೆ ತಿಳಿಸುವ ಕಿರುಹೊತ್ತಗೆಯೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆ ಅದು ಅಚ್ಚಿಗೆ ಹೋಗಬೇಕು. ಹೆಂಡತಿಯೇ ಮುಂದಾಗಿ, ಸಾಮಾನ್ಯವಾಗಿ ಮಹರ್ (ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡುವ ಧನ) ಹಿಂದಿರುಗಿಸಿ ಅಥವಾ ಬಿಟ್ಟುಕೊಟ್ಟು ಮದುವೆಯಿಂದ ಹೊರಬರುವ ‘ಖುಲಾ’ಕ್ಕೆ ಶೀರ್ಷಿಕೆಯಾಗಬಲ್ಲ ಒಂದು ಪದ ಬೇಕಾಗಿದೆ. ‘ಪತ್ನೀವಿಚ್ಛೇದನ’ ಎಂದು ಬರೆದಿದ್ದೆ; ಕರಡು ಓದಿದವರು ಅದನ್ನು ‘ಪತ್ನಿಯನ್ನು ಬಿಡುವುದು’ ಎಂದು ತಿಳಿದರು.

ಉತ್ತರ: ಆ ಸಮಾಸಕ್ಕೆ ಬೇರೆ ಅರ್ಥ ಹೇಗೆ ಬಂದೀತು? ಸಂಸ್ಕೃತವೂ ಬೇಡ, ಅರಬ್ಬಿಯೂ ಬೇಡ. ಅರಬ್ಬಿಯ ಖ-ಲ-ಅ ಧಾತುವಿಗೆ ತೊಟ್ಟದ್ದನ್ನು ಕಳಚುವುದೆಂದೇ ಅರ್ಥ, ನಮ್ಮ ‘ಕಳಚು’ ಕಿವಿಗೂ ಅದರ ಒಡಹುಟ್ಟಿನಂತಿದೆ. ‘ಕಳಚಿಕೆ’ ಎಂದು ಬರೆಯಿರಿ.

ಇನ್ನೊಬ್ಬರ ಮರುನುಡಿ: ಒಡಹುಟ್ಟಲ್ಲ, ಕಾಕತಾಳೀಯ. ಧಾತ್ವರ್ಥವೇನೋ ಸರಿ, ಕುರ್‌ಆನಿನ 2:187 (2ನೆಯ ಅಧ್ಯಾಯದ 187ನೆಯ ವಚನ) ದಂಪತಿಯನ್ನು ಪರಸ್ಪರ ಉಡುಪು ಎಂದಿರುವುದರಿಂದ, ಆ ಉಡುಪನ್ನು ತೆಗೆದಿಡುವ ರೂಪಕವನ್ನು ವ್ಯಾಖ್ಯಾನಕಾರರು ಈ ಪದದಲ್ಲಿ ಕಂಡಿದ್ದಾರೆ. ಆದರೆ ‘ಕಳಚಿಕೆ’ಯಲ್ಲಿ ತೆರುವ ಮಾತೇ ಇಲ್ಲ. ಖುಲಾಕ್ಕೆ ಆಧಾರವಾದ 2:229 ಹೇಳುವುದು, ಹೆಂಡತಿ ಏನನ್ನಾದರೂ ತೆತ್ತು ತನ್ನನ್ನು ಬಿಡಿಸಿಕೊಂಡರೆ ಇಬ್ಬರಿಗೂ ದೋಷವಿಲ್ಲವೆಂದು. ಪ್ರವಾದಿಯವರ ನಡೆನುಡಿಗಳ ವರದಿಯಾದ ಹದೀಸಿನಲ್ಲಿ, ಅವರ ಸಂಗಾತಿ ಸಾಬಿತ್ ಇಬ್ನ್ ಖೈಸರ ಪತ್ನಿ ಹಿಂದಿರುಗಿಸಿದ್ದು ಒಂದು ತೋಟವನ್ನು. ಕನ್ನಡದಲ್ಲಿ ಗಂಡ ‘ಬಿಡುತ್ತಾನೆ’, ಹೆಂಡತಿ ‘ಬಿಡಿಸಿಕೊಳ್ಳುತ್ತಾಳೆ’. ಗಂಡನ ಒಪ್ಪಿಗೆ ಬೇಕೆಂದು ಹಳೆಯ ಶಾಸ್ತ್ರಕಾರರಲ್ಲಿ ಬಹುತೇಕರು ಹೇಳಿದರೆ, ಈಜಿಪ್ಟಿನ 2000ದ ಕಾನೂನು ಒಪ್ಪಿಗೆಯಿಲ್ಲದೆಯೂ ನ್ಯಾಯಾಲಯದಲ್ಲಿ ಖುಲಾ ಪಡೆಯಲು ದಾರಿ ಮಾಡಿತು. ಯಾರಿಂದ ಎಂಬುದನ್ನು ಹೇಳದ ‘ಬಿಡಿಸಿಕೊಳ್ಳು’ ಎಂಬ ಈ ಕ್ರಿಯಾಪದ ಎರಡಕ್ಕೂ ಹೊಂದುತ್ತದೆ.

ಉತ್ತರ: ಅಡವಿಟ್ಟ ಒಡವೆಯನ್ನೂ ಬಿಡಿಸಿಕೊಳ್ಳುತ್ತೇವೆ. ಹೆಂಗಸು ಒಡವೆಯಲ್ಲ.

ಮರುನುಡಿ: ಒಡವೆ ತನ್ನನ್ನು ತಾನೇ ಬಿಡಿಸಿಕೊಂಡದ್ದನ್ನು ನಾನು ಕಂಡಿಲ್ಲ. ಇಲ್ಲಿ ತೆರುವವಳೂ ಅವಳೇ, ಬಿಡುಗಡೆಯಾಗುವವಳೂ ಅವಳೇ. ಆದರೂ ಶೀರ್ಷಿಕೆಗೆ ಇದನ್ನು ಒತ್ತಾಯಿಸುವುದಿಲ್ಲ, ಅಲ್ಲಿ ‘ಖುಲಾ’ ಎಂದೇ ಇರಲಿ. ಭಾರತದ 1937ರ ಷರಿಯತ್ ಕಾಯ್ದೆ ತಲಾಖ್, ಖುಲಾ, ಮುಬಾರಾತ್ ಮೂರನ್ನೂ ಬೇರೆ ಬೇರೆಯಾಗಿಯೇ ಹೆಸರಿಸಿದೆ. ಮುಬಾರಾತ್‌ನಲ್ಲಿ ಬೇರ್ಪಡುವ ಬಯಕೆ ಇಬ್ಬರದೂ ಆಗಿರುವುದರಿಂದ ಒಂದೇ ಅಚ್ಚಗನ್ನಡ ಪದದಡಿ ಎರಡನ್ನೂ ತುರುಕಿದರೆ ಓದುವವಳು ತಪ್ಪು ಅರ್ಜಿ ಬರೆಸಿಯಾಳು. ‘ತಲಾಖ್ ಕೊಟ್ಟ’, ‘ಖುಲಾ ಪಡೆದಳು’ ಎನ್ನುವಾಗ ದಿಕ್ಕನ್ನು ಕ್ರಿಯಾಪದವೇ ತೋರಿಸುತ್ತದೆ, ನಾಮಪದಕ್ಕೆ ಆ ಹೊರೆ ಬೇಕಿಲ್ಲ.

ಉತ್ತರ: ಹೀಗೆ ಒಂದೊಂದೇ ಪದವನ್ನು ಒಳಗೆ ಬಿಟ್ಟುಕೊಂಡೇ ಕನ್ನಡ ಈ ಸ್ಥಿತಿಗೆ ಬಂದಿದೆ. ನನ್ನ ತಕರಾರು ದಾಖಲಾಗಲಿ.

ಮರುನುಡಿ: ‘ತಕರಾರು’, ‘ದಾಖಲು’ ಎರಡೂ ಅರಬ್ಬಿಯಿಂದ ಬಂದವು, ಸ್ವಾಮಿ.

ಪ್ರಶ್ನೆ ಕೇಳಿದವರು: ಶೀರ್ಷಿಕೆ ‘ಖುಲಾ’ ಎಂದೇ ಇಟ್ಟು, ಮೊದಲ ವಾಕ್ಯವನ್ನು ‘ಮಹರ್ ಹಿಂದಿರುಗಿಸಿ ಹೆಂಡತಿ ಮದುವೆಯಿಂದ ತನ್ನನ್ನು ಬಿಡಿಸಿಕೊಳ್ಳುವ ಕ್ರಮ’ ಎಂದು ತಿದ್ದಿದ್ದೇನೆ. ‘ಪತ್ನೀವಿಚ್ಛೇದನ’ವನ್ನು ಹೊಡೆದುಹಾಕಿದ್ದೇನೆ.