ಅಪ್‌ಡೇಟ್: ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 120 ಇದೆ, ಸುಮ್ನಿರ್ಲಾ ಅಂತ ಕೇಳಿದ್ನಲ್ಲ

ಹೋದ ತಿಂಗ್ಳು ಕೇಳಿದ್ದೆ, ಅಪ್ಪಂಗೆ 49ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು, ನಂಗೀಗ 41, ಎಲ್‌ಡಿಎಲ್ 120 ಬಂದಿದೆ, ಪರ್ವಾಗಿಲ್ವಾ ಅಂತ. ನೀವೆಲ್ಲ ಹೇಳಿದ್ ಹಾಗೆ ಅಪೊಬಿ, ಲಿಪೊಪ್ರೋಟೀನ್ ಎ ಅನ್ನೋ ಎರಡೂ ರಕ್ತ ಪರೀಕ್ಷೆ ಮಾಡಿಸ್ದೆ.

ಮೊದಲ್ನೇ ವಿಷ್ಯ, ಆ 120 ಅಳೆದಿದ್ದೇ ಅಲ್ವಂತೆ! ಟೋಟಲ್ ಕೊಲೆಸ್ಟ್ರಾಲ್ 210ರಲ್ಲಿ ಎಚ್‌ಡಿಎಲ್ (ಒಳ್ಳೇ ಕೊಲೆಸ್ಟ್ರಾಲ್) 38 ಕಳೆದು, ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಇನ್ನೊಂದು ಥರದ ಕೊಬ್ಬು) 260ನ್ನ ಐದ್ರಿಂದ ಭಾಗ್ಸಿ ಬಂದ 52ನ್ನೂ ಕಳೆದು ಬರ್ದಿರೋ ಲೆಕ್ಕ ಅದು, ಟ್ರೈಗ್ಲಿಸರೈಡ್ ಜಾಸ್ತಿ ಇದ್ರೆ ಈ ಲೆಕ್ಕ ತಪ್ಪುತ್ತೆ, 400 ದಾಟಿದ್ರೆ ನಂಬೋ ಹಾಗೇ ಇಲ್ಲ ಅಂದ್ರು ಡಾಕ್ಟ್ರು. ಅಪೊಬಿ ಅನ್ನೋ ಪ್ರೋಟೀನ್ ಹಾಗಲ್ಲ, ಕೊಲೆಸ್ಟ್ರಾಲ್ ಹೊತ್ಕೊಂಡು ರಕ್ತನಾಳದ ಗೋಡೆಯೊಳಗೆ ನುಗ್ಗಿ ಕೂರೋ ಒಂದೊಂದು ಕಣಕ್ಕೂ ಒಂದೇ ಅಪೊಬಿ ಇರೋದು, ಅಂದ್ರೆ ಬಸ್ಸಲ್ಲಿ ಎಷ್ಟ್ ಜನ ಅಂತಲ್ಲ, ರೋಡಲ್ಲಿ ಎಷ್ಟ್ ಬಸ್ಸು ಅಂತ ಎಣಿಸ್ದಂಗೆ. ನಂದು 118, ಜಾಸ್ತೀನೇ.

ಲಿಪೊಪ್ರೋಟೀನ್ ಎ (ಎಲ್‌ಡಿಎಲ್ ಥರದ್ದೇ ಇನ್ನೊಂದು ಕಣ) 92 ಮಿಲಿಗ್ರಾಂ, 50ರ ಮೇಲಿದ್ರೇ ರಿಸ್ಕ್ ಅಂತೆ. ಇದು ಹೆಚ್ಚೂಕಮ್ಮಿ ಪೂರ್ತಿ ವಂಶವಾಹಿ, ಊಟ ವಾಕಿಂಗಿಂದ ಇಳಿಯಲ್ಲ, ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆಗೂ ಜಗ್ಗಲ್ಲ. ಆದ್ರೂ ಸ್ಟ್ಯಾಟಿನ್ ಶುರು ಮಾಡಿದಾರೆ, ಇಳಿಸೋಕಾಗೋ ಎಲ್‌ಡಿಎಲ್ಲನ್ನಾದ್ರೂ ಚೆನ್ನಾಗಿ ಇಳಿಸೋಣ ಅಂತ. ವಂಶವಾಹಿ ಅಲ್ವಾ, ತಮ್ಮಂಗೂ ಲಿಪೊಪ್ರೋಟೀನ್ ಎ ಟೆಸ್ಟ್ ಒಂದ್ಸಲ ಮಾಡಿಸು ಅಂದ್ರು, ಅವ್ನು ಸೂಜಿ ಅಂದ್ರೆ ಓಡ್ತಾನೆ, ಅಮ್ಮನ್ನ ಛೂ ಬಿಟ್ಟಿದೀನಿ. ಮೂರ್ ತಿಂಗ್ಳಿಗೆ ಮತ್ತೆ ಅಪೊಬಿ ಇದೆ, ಆಗ ಹೇಳ್ತೀನಿ.