ಅಪ್ಪ ಬೇರೆ ದೇಶದಲ್ಲಿ, ಮಗುವಿನ ಜೀವನಾಂಶ ಬಾಕಿ: ನೀವೆಲ್ಲ ಹೇಗೆ ವಸೂಲಿ ಮಾಡಿದಿರಿ?

ಪ್ರಶ್ನೆ ಕೇಳಿದವರು:

ಮಗಳಿಗೆ ಏಳು ವರ್ಷ. ವಿಚ್ಛೇದನ ಆಗಿ ಮೂರು ವರ್ಷ ಆಯಿತು. ಮಗಳ ಖರ್ಚಿಗೆ ತಿಂಗಳಿಗೆ ಇಷ್ಟು ಕೊಡಬೇಕು ಅಂತ ಕೋರ್ಟ್ ಆದೇಶ ಕೈಯಲ್ಲಿದೆ. ಕೇಸ್ ಮುಗಿದ ಮೇಲೆ ಅವರು ಕೆಲಸ ಹಿಡಿದು ಬೇರೆ ದೇಶಕ್ಕೆ ಹೋದರು. ಮೊದಲು ಸರಿಯಾಗಿ ಹಣ ಬರುತ್ತಿತ್ತು, ಆಮೇಲೆ ನಿಂತಿತು. ಈಗ ಹದಿನಾಲ್ಕು ತಿಂಗಳ ಬಾಕಿ. ಫೋನ್ ಮಾಡಿದರೆ "ಇಲ್ಲಿಗೆ ಬಂದು ಕೇಸ್ ಹಾಕು" ಅನ್ನುತ್ತಾರೆ. ವಕೀಲರೊಬ್ಬರನ್ನು ಕೇಳಿದೆ. "ಈ ಆದೇಶ ಗಡಿ ದಾಟಲ್ಲ, ಸುಮ್ನೆ ಖರ್ಚು, ಮರೆತುಬಿಡಿ" ಎಂದರು. ನಿಜವಾ? ಯಾರಾದರೂ ಹಣ ಕೈಗೆ ಬರುವವರೆಗೂ ಹೋಗಿದ್ದೀರಾ? ಯಾವ ದೇಶ ಅಂತ ಬೇಕಂತಲೇ ಬರೆದಿಲ್ಲ. ಎಲ್ಲ ಕಡೆಯ ಅನುಭವವೂ ಬೇಕು.

ಮಗನ ಅಪ್ಪ ಅಮೆರಿಕದಲ್ಲಿ, ನಾನು ಬ್ರಿಟನ್‌ನಲ್ಲಿ:

ಮರೆಯಬೇಡಿ. ನಿಮ್ಮ ವಕೀಲರು ಹೇಳಿದ್ದು ಅರ್ಧ ನಿಜ. ಆದೇಶ ತಾನಾಗಿ ಗಡಿ ದಾಟುವುದಿಲ್ಲ. ಆದರೆ ಅದನ್ನು ದಾಟಿಸುವುದಕ್ಕೆಂದೇ ಕಚೇರಿಗಳಿವೆ, ಅದು ತುಂಬಾ ಜನರಿಗೆ ಗೊತ್ತಿರುವುದಿಲ್ಲ. ನನಗೂ ಒಂದು ವರ್ಷ ಗೊತ್ತಿರಲಿಲ್ಲ.

ಮೊದಲು ನೋಡಬೇಕಾದ್ದು ಇಷ್ಟೇ: ನೀವಿರುವ ದೇಶ, ಅವರಿರುವ ದೇಶ, ಎರಡೂ ಒಂದೇ ಒಪ್ಪಂದದಲ್ಲಿ ಇವೆಯಾ? ದೊಡ್ಡದು 2007ರ ಹೇಗ್ ಜೀವನಾಂಶ ಒಪ್ಪಂದ. 2013ರಿಂದ ಜಾರಿಯಲ್ಲಿದೆ. ಯುರೋಪಿಯನ್ ಒಕ್ಕೂಟಕ್ಕೆ 2014ರಿಂದ, ಅಮೆರಿಕಕ್ಕೆ 2017ರಿಂದ, ನ್ಯೂಜಿಲೆಂಡ್‌ಗೆ 2021ರಿಂದ ಅನ್ವಯ ಆಗುತ್ತದೆ. ಹೇಗ್ ಅಂದ ಕೂಡಲೇ ಕೆಲವರು ಮಗುವನ್ನು ಹೇಳದೆ ಕೇಳದೆ ಬೇರೆ ದೇಶಕ್ಕೆ ಕರೆದುಕೊಂಡು ಹೋದ ಕೇಸ್ ಅಂದುಕೊಳ್ಳುತ್ತಾರೆ. ಅದು 1980ರ ಒಪ್ಪಂದ, ಅದರ ದಾರಿಯೇ ಬೇರೆ. ಅರ್ಜಿಯಲ್ಲಿ ಇಸವಿ ಸೇರಿಸಿ ಬರೆಯಿರಿ.

ಇದರಲ್ಲಿ ಇಲ್ಲದಿದ್ದರೆ 1956ರ ನ್ಯೂಯಾರ್ಕ್ ಒಪ್ಪಂದ ನೋಡಿ. ಹಳೆಯದು, ನಿಧಾನ, ಆದರೂ ಶ್ರೀಲಂಕಾ, ಪಾಕಿಸ್ತಾನ, ಫಿಲಿಪೀನ್ಸ್ ಎಲ್ಲ ಅದರಲ್ಲಿವೆ. ಹೆಸರು ನ್ಯೂಯಾರ್ಕ್‌ನದ್ದೇ ಆದರೂ ಅಮೆರಿಕ ಅದಕ್ಕೆ ಸೇರಲೇ ಇಲ್ಲ, ತಮಾಷೆ ನೋಡಿ.

ಹೇಗ್ ಒಪ್ಪಂದ ಇದ್ದರೆ ಪ್ರತಿ ದೇಶದಲ್ಲೂ ಒಂದು ಸೆಂಟ್ರಲ್ ಅಥಾರಿಟಿ ಇರುತ್ತದೆ. ನೀವು ನಿಮ್ಮ ದೇಶದ ಕಚೇರಿಗೆ ಅರ್ಜಿ ಕೊಡುತ್ತೀರಿ, ಅವರು ಅಲ್ಲಿನ ಕಚೇರಿಗೆ ಕಳಿಸುತ್ತಾರೆ, ಅಲ್ಲಿಯವರು ವಸೂಲಿಗೆ ಇಳಿಯುತ್ತಾರೆ. ಬ್ರಿಟನ್‌ನಲ್ಲಿ ಈ ಕೆಲಸ ನೋಡುವ ವಿಭಾಗಕ್ಕೆ ರೀಮೋ ಅನ್ನುತ್ತಾರೆ. ನಾನು ಒಂದು ಸಲವೂ ಅಮೆರಿಕಕ್ಕೆ ಹೋಗಲಿಲ್ಲ, ಅಲ್ಲಿ ವಕೀಲರನ್ನೂ ಇಡಲಿಲ್ಲ. 21 ವರ್ಷದೊಳಗಿನ ಮಕ್ಕಳ ಜೀವನಾಂಶಕ್ಕೆ ಸಾಮಾನ್ಯವಾಗಿ ಕಾನೂನು ನೆರವು ಪುಕ್ಕಟೆ ಸಿಗಬೇಕು ಅಂತ ಒಪ್ಪಂದದಲ್ಲೇ ಇದೆ. "ಇಲ್ಲಿಗೆ ಬಂದು ಕೇಸ್ ಹಾಕು" ಅನ್ನುವವರಿಗೆ ಇದು ಗೊತ್ತಿರುವುದಿಲ್ಲ, ಅಥವಾ ಗೊತ್ತಿದ್ದೇ ಹಾಗನ್ನುತ್ತಾರೆ.

ನನ್ನ ಮೊದಲ ಅರ್ಜಿ ವಾಪಸ್ ಬಂತು. ತಪ್ಪು ನನ್ನದೇ. ಬಾಕಿ ಎಷ್ಟು ಅನ್ನುವ ಜಾಗದಲ್ಲಿ ಒಟ್ಟು ಮೊತ್ತ ಒಂದನ್ನೇ ಬರೆದಿದ್ದೆ. ಅವರಿಗೆ ಬೇಕಿದ್ದು ತಿಂಗಳವಾರು ಲೆಕ್ಕ. ಒಂದು ಭಾನುವಾರ ಪೂರ್ತಿ ಕೂತು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿಕೊಂಡು ನಾಲ್ಕು ಕಾಲಮ್ ಹಾಕಿದೆ: ಯಾವ ತಿಂಗಳು, ಎಷ್ಟು ಬರಬೇಕಿತ್ತು, ಎಷ್ಟು ಬಂತು, ಅಲ್ಲಿಯವರೆಗಿನ ಬಾಕಿ. ಬಂದಿದ್ದನ್ನು ಒಂದು ಪೈಸೆ ಬಿಡದೆ ತೋರಿಸಿ. ಮಗುವಿನ ಅಪ್ಪ ಒಂದೇ ಒಂದು ರಸೀದಿ ತಂದು ನಿಮ್ಮ ಲೆಕ್ಕ ಸುಳ್ಳು ಅಂತ ತೋರಿಸಿದರೆ ಉಳಿದ ಹದಿಮೂರು ತಿಂಗಳನ್ನೂ ಅನುಮಾನದಿಂದ ನೋಡುತ್ತಾರೆ.

ಅದರ ಜೊತೆ ಆದೇಶದ ಪೂರ್ತಿ ಪ್ರತಿ, ಅದು ಈಗಲೂ ಜಾರಿಯಲ್ಲಿದೆ ಅನ್ನುವ ಕಾಗದ, ಅವರು ಕೋರ್ಟಿಗೆ ಬಾರದೇ ಆದೇಶ ಆಗಿದ್ದರೆ ಅವರಿಗೆ ನೋಟಿಸ್ ಸರಿಯಾಗಿ ತಲುಪಿತ್ತು ಅನ್ನುವ ಕಾಗದ. ಈ ಕೊನೆಯದನ್ನು ಹಗುರ ಮಾಡಬೇಡಿ. "ನನಗೆ ಕೇಸ್ ಇರುವುದೇ ಗೊತ್ತಿರಲಿಲ್ಲ" ಅನ್ನುವುದೇ ಇಂಥ ಕಡೆ ಮೊದಲ ಬಾಣ. ಅಂದಹಾಗೆ ಈ ಒಪ್ಪಂದದಲ್ಲಿ ಅಪಾಸ್ಟಿಲ್ ಮುದ್ರೆ, ಅಂದರೆ ಕಾಗದ ಅಸಲಿ ಅಂತ ಹೊರದೇಶಕ್ಕೆ ತೋರಿಸುವ ಸರ್ಕಾರಿ ಮುದ್ರೆ, ಕೇಳುವ ಹಾಗಿಲ್ಲ. ನಾನು ಗೊತ್ತಿಲ್ಲದೆ ಎಲ್ಲ ಕಾಗದಕ್ಕೂ ಮಾಡಿಸಿಬಿಟ್ಟಿದ್ದೆ.

ಇನ್ನೊಂದು, ಅಮೆರಿಕದ ಬಗ್ಗೆ. ಮಗು ನಮ್ಮಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ನಮ್ಮ ಕೋರ್ಟ್ ಆದೇಶ ಮಾಡಿದ್ದರೆ ಅವರು ಅದನ್ನು ಹಾಗೇ ಒಪ್ಪುವುದಿಲ್ಲ. ಅಪ್ಪನ ಮೇಲೂ ಆ ಕೋರ್ಟಿಗೆ ಅಧಿಕಾರ ಇರಬೇಕು. ನನ್ನ ಕೇಸ್ ಶುರುವಾದಾಗ ಅವರು ಇನ್ನೂ ಬ್ರಿಟನ್‌ನಲ್ಲೇ ಇದ್ದರು, ಹಾಗಾಗಿ ಬಚಾವಾದೆ. ನಿಮ್ಮವರೂ ಕೇಸ್ ಮುಗಿದ ಮೇಲೆ ಹೋಗಿದ್ದು ಅಂದಿರಿ, ಒಳ್ಳೆಯದೇ ಆಯಿತು.

ಇಷ್ಟೆಲ್ಲ ಬರೆದೆ, ಆದರೆ ನನ್ನ ಕೇಸಿನಲ್ಲಿ ಗಾಡಿ ಓಡಿದ್ದು ಒಂದು ಸ್ಟಿಕ್ಕರ್‌ನಿಂದ. ಮಗನ ಹುಟ್ಟುಹಬ್ಬಕ್ಕೆ ಅಪ್ಪನಿಂದ ಪಾರ್ಸೆಲ್ ಬಂತು. ಆಫೀಸಿನಿಂದಲೇ ಕಳಿಸಿದ್ದರು ಅಂತ ಕಾಣುತ್ತದೆ, ಮೇಲೆ ಕಂಪನಿಯ ಹೆಸರು, ಕಟ್ಟಡದ ಹೆಸರು ಎರಡೂ ಇದ್ದವು. ಮಗ ಒಳಗಿನ ಆಟದ ರೈಲು ತೆಗೆದ, ನಾನು ಡಬ್ಬಿ ಎತ್ತಿಟ್ಟುಕೊಂಡೆ. ಮನೆ ವಿಳಾಸ ಗೊತ್ತಿದ್ದರೆ ಕಾಗದ ತಲುಪುತ್ತದೆ, ಕೆಲಸ ಕೊಟ್ಟವರು ಯಾರು ಅಂತ ಗೊತ್ತಿದ್ದರೆ ಹಣ ಬರುತ್ತದೆ. ಅಮೆರಿಕದಲ್ಲಿ ಸಂಬಳ ಅವರ ಕೈಗೆ ಹೋಗುವ ಮೊದಲೇ ಕಂಪನಿಯಿಂದ ಮುರಿಸುತ್ತಾರೆ. ಅರ್ಜಿ ಹಾಕಿದ ಹನ್ನೊಂದನೇ ತಿಂಗಳಿಗೆ ನನ್ನ ಖಾತೆಗೆ ಮೊದಲ ಕಂತು ಬಂತು.

ಜರ್ಮನಿಯಿಂದ:

ಹನ್ನೊಂದು ತಿಂಗಳು ಮಗು ಏನು ಮಾಡಬೇಕು? ಆ ಮಾತು ಯಾರೂ ಎತ್ತಲಿಲ್ಲ. ಅಪ್ಪ ಕೊಡದಿದ್ದರೆ ಸರ್ಕಾರವೇ ಮುಂಗಡವಾಗಿ ಒಂದು ಮೊತ್ತ ಕೊಟ್ಟು, ಆಮೇಲೆ ಅಪ್ಪನ ಹತ್ತಿರ ವಸೂಲಿ ಮಾಡಿಕೊಳ್ಳುವ ವ್ಯವಸ್ಥೆ ಕೆಲವು ದೇಶಗಳಲ್ಲಿದೆ. ಜರ್ಮನಿಯಲ್ಲಿ 2017ರಿಂದ ಇದು ಮಗುವಿಗೆ 18 ತುಂಬುವವರೆಗೂ ಸಿಗಬಹುದು. 12 ದಾಟಿದ ಮೇಲೆ ಕೆಲವು ಷರತ್ತುಗಳಿವೆ. ಸ್ವೀಡನ್, ನಾರ್ವೆಯಲ್ಲೂ ಇಂಥದ್ದು ಇದೆ. ನನಗೆ ಸಿಕ್ಕಿದ್ದು ಆದೇಶದ ಮೊತ್ತಕ್ಕಿಂತ ಕಡಿಮೆ. ಆದರೂ ಪ್ರತಿ ತಿಂಗಳು ತಪ್ಪದೆ ಬಂತು. ನೀವಿರುವ ಕಡೆ ಇದೆಯಾ ಅಂತ ಮಕ್ಕಳ ಕಲ್ಯಾಣ ನೋಡುವ ಕಚೇರಿಯಲ್ಲಿ ಇವತ್ತೇ ವಿಚಾರಿಸಿ. ಕಳೆದ ತಿಂಗಳುಗಳಿಗೆ ಹಿಂದಿನಿಂದ ಕೊಡುವುದು ಬಹಳ ಕಡಿಮೆ.

ಒಪ್ಪಂದವೇ ಇಲ್ಲದ ಕಡೆ ಹೆಣಗಿದವಳು:

ಮೇಲಿನ ಅಕ್ಕನ ಕಥೆ ಓದಿ ಹೊಟ್ಟೆಕಿಚ್ಚಾಯಿತು. ನನ್ನ ಕೇಸಿನಲ್ಲಿ ಎರಡು ದೇಶಗಳ ನಡುವೆ ಏನೂ ಇರಲಿಲ್ಲ. ಭಾರತ, ಜಪಾನ್, ಯುಎಇ ಈ ಮೂರೂ 2007ರ ಪಟ್ಟಿಯಲ್ಲೂ ಇಲ್ಲ, 1956ರದ್ದರಲ್ಲೂ ಇಲ್ಲ. ಅಂಥ ಕಡೆ ಸೆಂಟ್ರಲ್ ಅಥಾರಿಟಿ ಅನ್ನುವ ಮಾತೇ ಬರುವುದಿಲ್ಲ.

ಆದರೂ ಕೈ ಚೆಲ್ಲಬೇಡಿ, ಎರಡೆರಡು ದೇಶಗಳ ನಡುವೆ ಬೇರೆ ಏರ್ಪಾಡು ಇರಬಹುದು. ಉದಾಹರಣೆಗೆ, ಭಾರತದಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮು. ಸರ್ಕಾರ ಪಟ್ಟಿ ಮಾಡಿದ ದೇಶಗಳ ಉನ್ನತ ಕೋರ್ಟುಗಳು ಹಣ ಕೊಡಬೇಕು ಅಂತ ಮಾಡಿದ ಡಿಕ್ರಿಯನ್ನು ಭಾರತದ ಜಿಲ್ಲಾ ಕೋರ್ಟಿನಲ್ಲಿ ನೇರವಾಗಿ ಜಾರಿಗೆ ಹಾಕಬಹುದು. ಬ್ರಿಟನ್, ಸಿಂಗಪುರ ಆ ಪಟ್ಟಿಯಲ್ಲಿವೆ, ಯುಎಇ 2020ರ ಜನವರಿಯಲ್ಲಿ ಸೇರಿತು. ಅಮೆರಿಕ ಇಲ್ಲ. ಪಟ್ಟಿಯಲ್ಲಿಲ್ಲದ ದೇಶದ ತೀರ್ಪಾದರೆ ಅದನ್ನೇ ಆಧಾರ ಮಾಡಿ ಹೊಸದಾಗಿ ದಾವೆ ಹಾಕಬೇಕು. ಇಂಥ ಕಡೆ ಅಪಾಸ್ಟಿಲ್, ಅನುವಾದ ಎಲ್ಲ ಬೇಕಾಗಬಹುದು. ಅನುವಾದ ಮಾಡಿಸುವಾಗ ಹೆಸರು ನೋಡಿಕೊಳ್ಳಿ. ನನ್ನ ಮದುವೆ ಪತ್ರದಲ್ಲಿ, ಮಗುವಿನ ಜನನ ಪತ್ರದಲ್ಲಿ, ಕೋರ್ಟ್ ಆದೇಶದಲ್ಲಿ ಅವರ ಹೆಸರಿನ ಸ್ಪೆಲ್ಲಿಂಗ್ ಮೂರು ಥರ ಇತ್ತು. ಮೂವರೂ ಒಬ್ಬರೇ ಅಂತ ಪ್ರಮಾಣಪತ್ರ ಮಾಡಿಸುವುದರಲ್ಲಿ ಎರಡು ತಿಂಗಳು ಹೋಯಿತು.

ಮತ್ತೆ, ವಾಟ್ಸಾಪಿನಲ್ಲಿ ನೋಟಿಸ್ ಕಳಿಸಿ ನೀಲಿ ಟಿಕ್ ಬಂತು ಅಂತ ಖುಷಿಪಡಬೇಡಿ. ಹೊರದೇಶಕ್ಕೆ ಸಮನ್ಸ್ ಮುಟ್ಟಿಸುವುದಕ್ಕೆ 1965ರ ಇನ್ನೊಂದು ಹೇಗ್ ಒಪ್ಪಂದ ಇದೆ. ಆ ದೇಶ ಅದರಲ್ಲಿದ್ದರೆ ಅದರ ಪ್ರಕಾರವೇ ಮುಟ್ಟಿಸಿ. ನಾನು ಮೊದಲು ಇಟ್ಟ ವಕೀಲರು ಇದನ್ನು ಹೇಳಲೇ ಇಲ್ಲ, ಮುಂಗಡ ಮಾತ್ರ ಸರಿಯಾಗಿ ತೆಗೆದುಕೊಂಡರು.

ಕೊನೆಗೆ ಹಣ ಬಂದಿದ್ದು ಹೊರದೇಶದಿಂದಲೇ ಅಲ್ಲ! ಅವರು ಬಿಟ್ಟುಹೋದ ಊರಿನಲ್ಲಿ ಅವರ ಹೆಸರಿನ ಫ್ಲ್ಯಾಟ್ ಇತ್ತು, ಬಾಡಿಗೆಗೆ ಕೊಟ್ಟಿದ್ದರು. ನನ್ನ ಎರಡನೇ ವಕೀಲರು ಮೊದಲ ದಿನವೇ ಕೇಳಿದ ಪ್ರಶ್ನೆ "ಅವರದ್ದು ಇಲ್ಲಿ ಏನೇನಿದೆ?" ಅಂತ. ಆದೇಶ ಮಾಡಿದ ಕೋರ್ಟಿನಲ್ಲೇ ಅರ್ಜಿ ಹಾಕಿ ಬಾಡಿಗೆ ಜಪ್ತಿ ಮಾಡಿಸಿದೆವು. ಬಾಡಿಗೆದಾರರಿಗೆ ಕೋರ್ಟ್ ಕಾಗದ ಹೋದ ವಾರವೇ ಫೋನ್ ಬಂತು, ಎರಡು ವರ್ಷದಲ್ಲಿ ಮೊದಲ ಸಲ ಅವರಾಗಿಯೇ ಮಾಡಿದ್ದು. ಗಡಿ ದಾಟುವ ಮೊದಲು ಗಡಿಯ ಒಳಗೆ ಹುಡುಕಿ: ಆಸ್ತಿ, ಡಿಪಾಸಿಟ್, ಪಿಎಫ್ ಥರದ್ದು. ಕಂಪನಿ ನಿಮ್ಮ ದೇಶದ್ದೇ ಆಗಿ ಅವರನ್ನು ಹೊರಗೆ ಕಳಿಸಿದ್ದರೆ ಸಂಬಳವೂ ಇಲ್ಲಿಂದಲೇ ಹೋಗುತ್ತಿರಬಹುದು. ಮತ್ತೆ ಇದನ್ನೆಲ್ಲ ಅವರಿಗೆ ಮುಂಚೆ ಹೇಳಬೇಡಿ. ಹೇಳಿದರೆ ಫ್ಲ್ಯಾಟ್ ತಮ್ಮನ ಹೆಸರಿಗೆ ಹೋಗಿರುತ್ತದೆ.

ಕೊಡಬೇಕಾಗಿದ್ದವನು:

ಬೈಯಿಸಿಕೊಳ್ಳುವುದಕ್ಕೆ ತಯಾರಾಗಿಯೇ ಬರೆಯುತ್ತಿದ್ದೇನೆ. ನನ್ನ ಮಕ್ಕಳು ಅಮೆರಿಕದಲ್ಲಿ, ನಾನು ಹೊರಗೆ. ಕೆಲಸ ಹೋಯಿತು. ನಾಚಿಕೆಗೆ ಯಾರಿಗೂ ಹೇಳಲಿಲ್ಲ, ಹಣ ನಿಲ್ಲಿಸಿದೆ, ಫೋನ್ ಎತ್ತಲಿಲ್ಲ. ಸಂಪಾದನೆಯೇ ಇಲ್ಲ ಅಂದ ಮೇಲೆ ಬಾಕಿ ಹೇಗೆ ಬೆಳೆಯುತ್ತದೆ ಅಂದುಕೊಂಡೆ. ಬೆಳೆಯಿತು. ಅಲ್ಲಿನ ಕಾನೂನಿನಲ್ಲಿ ಒಂದು ಕಂತಿನ ದಿನ ದಾಟಿತು ಅಂದರೆ ಆ ಬಾಕಿಯನ್ನು ಆಮೇಲೆ ಯಾವ ಜಡ್ಜೂ ಕಡಿಮೆ ಮಾಡುವ ಹಾಗಿಲ್ಲ. ಅರ್ಜಿ ಹಾಕಿ ಇನ್ನೊಬ್ಬರಿಗೆ ನೋಟಿಸ್ ಹೋದ ದಿನದಿಂದ ಮುಂದಕ್ಕೆ ಮಾತ್ರ ಬದಲಾಯಿಸಬಹುದು. ಕೆಲಸ ಹೋದ ವಾರವೇ ನಾನು ಅರ್ಜಿ ಹಾಕಬೇಕಿತ್ತು.

ನನ್ನದು ಅಮೆರಿಕದ ಪಾಸ್‌ಪೋರ್ಟ್. ಬಾಕಿ 2,500 ಡಾಲರ್ ದಾಟಿದರೆ ಹೊಸದು ಕೊಡುವುದಿಲ್ಲ ಅನ್ನುವುದು ಗೊತ್ತಾಗಿದ್ದು ನವೀಕರಣಕ್ಕೆ ಹೋದಾಗ. ಕೌಂಟರಿನ ಆಚೆ ಕೂತಿದ್ದಾಕೆ ತುಂಬಾ ಮರ್ಯಾದೆಯಿಂದಲೇ ಒಂದು ಚೀಟಿ ಕೊಟ್ಟರು, ಅದರಲ್ಲಿ ಯಾವ ರಾಜ್ಯದ ಕಚೇರಿಗೆ ಕರೆ ಮಾಡಬೇಕು ಅಂತ ಇತ್ತು. ವೀಸಾ ಅಂಟಿಸುವುದಕ್ಕೆ ಪಾಸ್‌ಪೋರ್ಟ್ ಇಲ್ಲದೆ ಹೊಸ ಕೆಲಸಕ್ಕೆ ಸೇರುವ ಹಾಗಿರಲಿಲ್ಲ. ಸಾಲ ಮಾಡಿ ಕಟ್ಟಿದೆ. ಆಸ್ಟ್ರೇಲಿಯಾದಲ್ಲಿ ಬಾಕಿದಾರರು ದೇಶ ಬಿಟ್ಟು ಹೋಗದಂತೆ ತಡೆಯುವ ಆದೇಶವೂ ಇದೆ. ಹಾಗಾಗಿ ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಅಂತಲೂ ನೋಡಿ.

ಮೇಲೆ ಒಬ್ಬರು ಮುಂಚೆ ಹೇಳಬೇಡಿ ಅಂದರು. ಅವರ ಕೇಸಿನಲ್ಲಿ ಸರಿ ಇರಬಹುದು. ಆದರೆ ಆಸ್ತಿಯ ಸುದ್ದಿ ಎತ್ತದೆ ಒಂದೇ ಒಂದು ಈಮೇಲ್ ಬರೆಯಿರಿ: ಇಷ್ಟು ತಿಂಗಳು, ಇಷ್ಟು ಬಾಕಿ, ಈ ತಾರೀಖಿನ ಒಳಗೆ ಉತ್ತರ ಬೇಕು. ನನಗೆ ಅಂಥದ್ದು ಬಂದಿದ್ದರೆ ಮೊದಲೇ ಬಾಯಿ ಬಿಡುತ್ತಿದ್ದೆನೇನೋ. ಬಾಯಿ ಬಿಡದಿದ್ದರೂ ನಿಮ್ಮ ಕೈಯಲ್ಲಿ ತಾರೀಖು ಇರುವ ಕಾಗದ ಉಳಿಯುತ್ತದೆ. "ಮಗಳನ್ನು ತೋರಿಸಲ್ಲ" ಅಂತ ಮಾತ್ರ ಅದರಲ್ಲಿ ಬರೆಯಬೇಡಿ. ಅದೇ ಕಾಗದವನ್ನು ಕೋರ್ಟಿನಲ್ಲಿ ನಿಮ್ಮ ಮೇಲೆ ತಿರುಗಿಸುತ್ತಾರೆ.

ಮಗನ ಅಪ್ಪ ಅಮೆರಿಕದಲ್ಲಿ, ನಾನು ಬ್ರಿಟನ್‌ನಲ್ಲಿ:

ಈಮೇಲ್ ಮಾತು ಒಪ್ಪುತ್ತೇನೆ, ಆದರೆ ಒಂದೇ ಸಲ. ನಾನು ಒಂದು ವರ್ಷ ಬರೀ ಈಮೇಲ್ ಬರೆಯುತ್ತಲೇ ಕೂತಿದ್ದೆ. ಮತ್ತೆ, ಅರ್ಜಿ ಆ ಕಡೆ ತಲುಪಿದ ಆರು ವಾರದೊಳಗೆ ಅಲ್ಲಿನ ಸೆಂಟ್ರಲ್ ಅಥಾರಿಟಿ ಸ್ವೀಕೃತಿ ಕಳಿಸಬೇಕು, ಅದಾದ ಮೂರು ತಿಂಗಳೊಳಗೆ ಎಲ್ಲಿಗೆ ಬಂತು ಅಂತ ತಿಳಿಸಬೇಕು. ಈ ಎರಡು ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ದಾಟಿದರೆ ನಿಮ್ಮ ದೇಶದ ಕಚೇರಿಗೆ ಫೋನ್ ಮಾಡಿ ಕೇಳಿ, ಸಂಕೋಚ ಬೇಡ. ಹೊಸ ದೇಶದ ಕೋರ್ಟಿಗೆ ಹೋಗಿ ಮೊತ್ತ ಇಳಿಸಿಕೊಂಡು ಬರುತ್ತೇನೆ ಅಂತ ಅವರು ಹೆದರಿಸಿದರೆ ಅದಕ್ಕೂ ಹೆದರಬೇಡಿ. ಆದೇಶ ಆದ ದೇಶದಲ್ಲೇ ನೀವು ವಾಸ ಇರುವವರೆಗೆ, ಒಪ್ಪಂದದ ದೇಶಗಳಲ್ಲಿ ಅದು ಅಷ್ಟು ಸುಲಭ ಅಲ್ಲ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೋಡಿದೆ, ಎರಡೂ ದೇಶ 2007ರ ಪಟ್ಟಿಯಲ್ಲಿವೆ. ರಾತ್ರಿ ಮಗಳು ಮಲಗಿದ ಮೇಲೆ ನಾಲ್ಕು ಕಾಲಮ್ ಹಾಕಿ ಕೂತೆ. ಹದಿನಾಲ್ಕು ತಿಂಗಳು ಅಂದುಕೊಂಡಿದ್ದೆ, ಎಣಿಸಿದರೆ ಹದಿನಾರು. ನಿಲ್ಲುವ ಮೊದಲಿನ ಎರಡು ತಿಂಗಳು ಅರ್ಧರ್ಧ ಬಂದಿತ್ತು, ಪೂರ್ತಿ ಬಂತು ಅಂತ ನಾನೇ ನಂಬಿಕೊಂಡಿದ್ದೆ. ಕಂಪನಿ ಹೆಸರು ಹಳೆಯ ಈಮೇಲ್ ಒಂದರ ಕೆಳಗೆ ಸಿಕ್ಕಿತು. ಒಂದು ಸಂದೇಹ: ಒಂದು ಸಲ ಅವರು ಸ್ಕೂಲ್ ಫೀಸ್ ನೇರವಾಗಿ ಸ್ಕೂಲಿಗೇ ಕಟ್ಟಿದ್ದರು. ಅದನ್ನು ಬಂದ ಹಣದ ಕಾಲಮ್‌ನಲ್ಲಿ ಬರೆಯಬೇಕಾ?

ಒಪ್ಪಂದವೇ ಇಲ್ಲದ ಕಡೆ ಹೆಣಗಿದವಳು:

ಆದೇಶ ತೆಗೆದು ಓದಿ. ಫೀಸ್ ಬೇರೆ, ಜೀವನಾಂಶ ಬೇರೆ ಅಂತ ಇದ್ದರೆ ಆ ಕಾಲಮ್‌ನಲ್ಲಿ ಬೇಡ. ಏನೂ ಹೇಳದಿದ್ದರೆ ಐದನೇ ಕಾಲಮ್ ಹಾಕಿ, ಅಲ್ಲಿ ತಾರೀಖು, ಮೊತ್ತ ಬರೆದು ರಸೀದಿ ಲಗತ್ತಿಸಿ. ಅದರಲ್ಲಿ ಎಷ್ಟು ಕಳೆಯಬೇಕು ಅಂತ ಕೋರ್ಟ್ ನೋಡಿಕೊಳ್ಳುತ್ತದೆ, ನೀವು ಕಳೆಯಲು ಹೋಗಬೇಡಿ.